ಮಗು ಮಂಚದ ಮೇಲೆ, ತಾಯಿ ಬೆಂಚಿನ ಮೇಲೆ

ಹುಲಗೋಳದ ಕಡೆಯ ಒಬ್ಬ ತಾಯಿ ತನ್ನ ಎಂಟು ವರ್ಷದ ಮಾಣಿಯನ್ನು ಕರೆದುಕೊಂಡು ನನ್ನ ದವಾಖಾನೆಗೆ ಬರುತ್ತಿದ್ದರು. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.) ಮಾಣಿಗೆ ಥಲಸ್ಸೇಮಿಯಾ. ರಕ್ತದ ಕೆಂಪುಕಣಗಳಲ್ಲಿ ಇರಬೇಕಾದ ಹಿಮೊಗ್ಲೋಬಿನ್ ಸರಿಯಾಗಿ ತಯಾರಾಗದೇ ಇರುವ, ಹುಟ್ಟಿನಿಂದಲೇ ಬರುವ ಕಾಯಿಲೆ ಇದು. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಹಾಗೆ ಕೊಟ್ಟ ರಕ್ತದಿಂದ ದೇಹದಲ್ಲಿ ಸೇರುವ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕಲು ದಿನವೂ ಔಷಧಿ ಕೊಡಬೇಕು. ರಕ್ತ ಹಾಕಿಸುವುದು ಹುಬ್ಬಳ್ಳಿಯಲ್ಲಿ. ನಡುವೆ ಜ್ವರ, ಕೆಮ್ಮು, ಹೊಟ್ಟೆನೋವು ಎಂದರೆ ನನ್ನಲ್ಲಿಗೆ.

ಸುಮಾರು ಎರಡು ವರ್ಷ ಹೀಗೇ ನಡೆಯಿತು. ಪ್ರತಿ ಸಲವೂ ನಾನು ಮಾಣಿಯನ್ನು ಮಂಚದ ಮೇಲೆ ಮಲಗಿಸಿ ಗುಲ್ಮ ಎಷ್ಟು ದೊಡ್ಡದಾಗಿದೆ ಎಂದು ನೋಡುತ್ತಿದ್ದೆ. ತೂಕ, ಎತ್ತರ, ಹಿಮೊಗ್ಲೋಬಿನ್ ಎಲ್ಲವನ್ನೂ ಕೇಸ್‌ಪೇಪರಿನಲ್ಲಿ ಬರೆಯುತ್ತಿದ್ದೆ. ತಾಯಿ ಗೋಡೆಬದಿಯ ಬೆಂಚಿನ ಮೇಲೆ ಕೈಚೀಲ ಹಿಡಿದು ಕೂತಿರುತ್ತಿದ್ದರು. ಒಂದು ದಿನ ಚೀಟಿ ತೆಗೆದುಕೊಳ್ಳಲು ಬೆಂಚಿನಿಂದ ಎದ್ದವರು ಹಾಗೆಯೇ ಕುಸಿದು ಬಿದ್ದರು. ಎತ್ತಿ ಮಾಣಿಯ ಪಕ್ಕದಲ್ಲೇ ಮಲಗಿಸಿದೆವು. ಎಚ್ಚರಾದ ಮೇಲೆ ಅವರು ಹೇಳಿದ ಮೊದಲ ಮಾತು: "ಯಂಗೆ ಎಂತೂ ಆಜಿಲ್ಲೆ ಡಾಕ್ಟ್ರೆ, ಮಾಣಿನ ನೋಡಿ."

ರಕ್ತ ಪರೀಕ್ಷೆ ಮಾಡಿಸಿದೆ. ಹಿಮೊಗ್ಲೋಬಿನ್ 5.8 ಗ್ರಾಂ. ಅಂದು ಮಾಣಿಯದು 8.9. ಪ್ರತಿ ತಿಂಗಳು ಮಗನಿಗೆ ರಕ್ತ ಹಾಕಿಸಲು ಹುಬ್ಬಳ್ಳಿಗೆ ಓಡಾಡುತ್ತಿದ್ದ ತಾಯಿಯ ಮೈಯಲ್ಲಿ ಮಗನಿಗಿಂತ ಕಡಿಮೆ ರಕ್ತವಿತ್ತು. ವಿಚಾರಿಸಿದಾಗ ಗೊತ್ತಾದದ್ದು, ಎರಡು ವರ್ಷದಿಂದ ಅವರಿಗೆ ಮುಟ್ಟಿನಲ್ಲಿ ವಿಪರೀತ ಸ್ರಾವ. ಗರ್ಭಕೋಶದಲ್ಲಿ ಗಡ್ಡೆ ಇತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮತ್ತೊಂದು ಆಸ್ಪತ್ರೆ, ಮತ್ತೊಂದು ಖರ್ಚು, ಮಾಣಿಯನ್ನು ನೋಡಿಕೊಳ್ಳುವವರು ಯಾರು?

ತಪ್ಪು ಅವರದೊಂದೇ ಅಲ್ಲ. ಅವರ ಮುಖ ಬಿಳಿಚಿಕೊಂಡಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಥಲಸ್ಸೇಮಿಯಾ ಮಗುವಿನ ತಾಯಿ ತಂದೆ ಇಬ್ಬರೂ ಆ ರೋಗದ ವಾಹಕರಾಗಿರುತ್ತಾರೆ, ವಾಹಕರಲ್ಲಿ ಸ್ವಲ್ಪ ರಕ್ತಹೀನತೆ ಇರುವುದು ಸಹಜ ಎಂದು ನನ್ನಷ್ಟಕ್ಕೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ವಾಹಕರಾದ ಮಾತ್ರಕ್ಕೆ ಹಿಮೊಗ್ಲೋಬಿನ್ 6ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಓದಿದ್ದನ್ನು ಮರೆತಿದ್ದೆ ಎಂದಲ್ಲ. ಆಕೆ ನನ್ನ ರೋಗಿಯೇ ಅಲ್ಲ ಎಂಬಂತೆ ನೋಡಿದ್ದೆ. ಎರಡು ವರ್ಷ ಒಂದೇ ಕೋಣೆಯಲ್ಲಿ ಎದುರು ಕೂತಿದ್ದವರ ಕೆಳರೆಪ್ಪೆ ಎಳೆದು ನೋಡಲು ಅರ್ಧ ನಿಮಿಷ ಸಾಕಿತ್ತು.

ಗಂಭೀರ ಕಾಯಿಲೆಯ ಮಗುವನ್ನು ಸಾಕುತ್ತಿರುವ ತಂದೆ ತಾಯಿ ಬಹುಪಾಲು ಹೀಗೆಯೇ ಬೆಂಚಿನ ಮೇಲೆ ಉಳಿದುಬಿಡುತ್ತಾರೆ. ಬಂದ ನೆಂಟರು ಮಗುವಿನ ಬಗ್ಗೆ ಕೇಳುತ್ತಾರೆ, ಡಾಕ್ಟರೂ ಮಗುವಿನ ಬಗ್ಗೆ ಕೇಳುತ್ತಾರೆ. ಕೊನೆಗೆ ಅವರೇ ತಮ್ಮನ್ನು ಕೇಳಿಕೊಳ್ಳುವುದನ್ನು ಬಿಟ್ಟುಬಿಡುತ್ತಾರೆ.

ಚಿಂತೆ ದೇಹಕ್ಕೂ ತಟ್ಟುತ್ತದೆ

"ಮನಸ್ಸಿಗೆ ಬೇಜಾರು, ಅಷ್ಟೆ. ಕಾಯಿಲೆ ಏನಿಲ್ಲ" ಎಂದು ಮನೆಯವರು ಹೇಳುವುದುಂಟು. ಆದರೆ ದೀರ್ಘಕಾಲದ ಚಿಂತೆ ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ. ಅಮೆರಿಕದ ಎಲಿಸ್ಸಾ ಎಪೆಲ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಸಂಗಡಿಗರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 58 ತಾಯಂದಿರು ಅದರಲ್ಲಿದ್ದರು. ಅವರಲ್ಲಿ 39 ಮಂದಿ ದೀರ್ಘ ಕಾಯಿಲೆಯ ಮಗುವನ್ನು ನೋಡಿಕೊಳ್ಳುತ್ತಿದ್ದವರು, ಉಳಿದವರ ಮಕ್ಕಳು ಆರೋಗ್ಯವಂತರು. ನಮ್ಮ ಜೀವಕೋಶಗಳೊಳಗಿನ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿದೆ. ಲೇಸಿನ ತುದಿಯಲ್ಲಿ ದಾರ ಬಿಚ್ಚಿಕೊಳ್ಳದಂತೆ ಹಾಕಿರುವ ಸಣ್ಣ ಕೊಳವೆಯಂಥದು. ವಯಸ್ಸಾದಂತೆ ಅದು ಸವೆಯುತ್ತ ಹೋಗುತ್ತದೆ. ಮಗುವಿನ ಆರೈಕೆ ಮಾಡಿದ ವರ್ಷಗಳು ಹೆಚ್ಚಿದಷ್ಟೂ ತಾಯಂದಿರಲ್ಲಿ ಈ ತುದಿ ಗಿಡ್ಡವಾಗಿತ್ತು. ಎರಡೂ ಗುಂಪು ಸೇರಿಸಿ ನೋಡಿದಾಗ, ತಮ್ಮ ಮೇಲೆ ವಿಪರೀತ ಒತ್ತಡವಿದೆ ಎಂದು ಹೇಳಿಕೊಂಡವರ ಜೀವಕೋಶಗಳು, ಒತ್ತಡ ಕಡಿಮೆ ಎಂದವರಿಗಿಂತ ಕನಿಷ್ಠ ಹತ್ತು ವರ್ಷ ಹೆಚ್ಚು ವಯಸ್ಸಾದವರ ಜೀವಕೋಶಗಳಂತೆ ಕಂಡವು. ಬ್ಲ್ಯಾಕ್‌ಬರ್ನ್ ಅವರಿಗೆ ಟೆಲೊಮಿಯರುಗಳ ಮೇಲಿನ ಸಂಶೋಧನೆಗಾಗಿ 2009ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇದು ಸಣ್ಣ ಅಧ್ಯಯನ. ಇದನ್ನು ಓದಿ ಯಾವ ತಾಯಿಯೂ ತನ್ನ ಆಯುಸ್ಸು ಹತ್ತು ವರ್ಷ ಕಡಿಮೆಯಾಯಿತೆಂದು ಹೆದರಬೇಕಾಗಿಲ್ಲ. ಆದರೆ ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೊಂದು ಸಂಗತಿ. ಕಾಯಿಲೆಯ ಮಗು ಇರುವವರೆಲ್ಲರ ಸ್ಥಿತಿಯೂ ಒಂದೇ ಆಗಿರಲಿಲ್ಲ. ಹೊರೆ ಎಷ್ಟು ಎನ್ನುವುದರ ಜತೆಗೆ, ಆ ಹೊರೆ ಅವರಿಗೆ ಎಷ್ಟು ಭಾರ ಎನಿಸಿತ್ತು ಎನ್ನುವುದೂ ಲೆಕ್ಕಕ್ಕೆ ಬಂದಿತ್ತು. ಭಾರ ಎನಿಸುವುದು ಕಡಿಮೆಯಾಗಬೇಕಾದರೆ ಪಕ್ಕದಲ್ಲಿ ಕೈ ಕೊಡುವವರು ಬೇಕು.

ನಿದ್ದೆಯ ವಿಷಯವನ್ನೇ ನೋಡಿ. ಒಂದನೇ ಬಗೆಯ ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ದಿನಕ್ಕೆ ಹಲವು ಸಲ ಇನ್ಸುಲಿನ್ ಚುಚ್ಚಬೇಕು. ನಿದ್ದೆಯಲ್ಲಿ ಸಕ್ಕರೆ ತೀರಾ ಇಳಿದರೆ ಮಗು ಪ್ರಜ್ಞೆ ತಪ್ಪಬಹುದು ಎಂಬ ಭಯಕ್ಕೆ ತಾಯಿ ರಾತ್ರಿ 3 ಗಂಟೆಗೆ ಗಡಿಯಾರ ಇಟ್ಟು ಏಳುತ್ತಾಳೆ. ಅಪಸ್ಮಾರದ ಮಗುವಿನ ತಂದೆ ತಾಯಿ ಒಂದು ಕಿವಿ ತೆರೆದಿಟ್ಟೇ ಮಲಗುತ್ತಾರೆ. ಐದು ವರ್ಷ ಹೀಗೆ ಮಲಗಿದವರಿಗೆ ತಲೆನೋವು, ಸಿಟ್ಟು, ಮರೆವು, ರಕ್ತದೊತ್ತಡ ಬಂದರೆ ಆಶ್ಚರ್ಯವೇನು? ಇಂಥವರು ಬಂದಾಗ ನಾನು ನಿದ್ದೆ ಗುಳಿಗೆ ಬರೆಯುವುದಿಲ್ಲ. ಗುಳಿಗೆ ತಿಂದು ಮಲಗಲು ಅವರಿಗೆ ಭಯ. ವಾರಕ್ಕೆ ಎರಡು ರಾತ್ರಿಯಾದರೂ ಮಗುವಿನ ಪಕ್ಕ ಬೇರೊಬ್ಬರು ಮಲಗಬೇಕು, ತಾಯಿ ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು ಎಂದು ಕೇಸ್‌ಪೇಪರಿನ ಮೇಲೆಯೇ ಬರೆದುಕೊಡುತ್ತೇನೆ. ಬಾಯಲ್ಲಿ ಹೇಳಿದರೆ ಅತ್ತೆ ಮಾವ ನಂಬುವುದಿಲ್ಲ, ಚೀಟಿಯಲ್ಲಿ ಬರೆದರೆ ಔಷಧಿ ಎಂದು ತಿಳಿಯುತ್ತಾರೆ!

ಇನ್ನು ಬೆನ್ನು. ಮೆದುಳಿನ ಪಾರ್ಶ್ವವಾಯು ಇರುವ, ಅಥವಾ ಸ್ನಾಯು ಕ್ಷಯಿಸುತ್ತಿರುವ ಮಗುವನ್ನು ತಾಯಿ ದಿನಕ್ಕೆ ಹತ್ತಿಪ್ಪತ್ತು ಸಲ ಎತ್ತುತ್ತಾಳೆ. ಮೂರು ವರ್ಷದ ಮಗು 12 ಕಿಲೋ, ಹನ್ನೆರಡು ವರ್ಷಕ್ಕೆ ಅದೇ ಮಗು 30 ಕಿಲೋ. ಮಗು ಬೆಳೆದಂತೆ ತಾಯಿಯ ಬೆನ್ನೆಲುಬಿನ ಮಧ್ಯದ ಮೆತ್ತೆ ಜಾರುತ್ತದೆ. ಬಾಗಿ ಎತ್ತಬಾರದು. ಮೊಣಕಾಲು ಮಡಿಸಿ, ಮಗುವನ್ನು ಎದೆಗೆ ಒತ್ತಿ ಹಿಡಿದು, ಕಾಲಿನ ಬಲದಿಂದ ಏಳಬೇಕು. ಎತ್ತಿಕೊಂಡು ಸೊಂಟ ತಿರುಗಿಸದೆ ಪಾದ ಸರಿಸಿ ತಿರುಗಬೇಕು. ಮಗುವನ್ನು ನೆಲದ ಹಾಸಿಗೆಯಲ್ಲಿ ಮಲಗಿಸುವ ಬದಲು ಸೊಂಟದ ಎತ್ತರದ ಮಂಚಕ್ಕೆ ಬದಿಗೆ ಕಟಕಟೆ ಹಾಕಿಸಿ. ನಡುವೆ ತೂತು ಕೊರೆದ ಗಟ್ಟಿ ಕುರ್ಚಿಯೊಂದನ್ನು ಊರಿನ ಬಡಗಿಯಿಂದಲೇ ಮಾಡಿಸಬಹುದು. ಬಚ್ಚಲಿಗೆ ಎತ್ತಿಕೊಂಡು ಹೋಗುವ ಅರ್ಧ ಕಷ್ಟ ಅದರಿಂದಲೇ ತಪ್ಪುತ್ತದೆ.

"ಯಾರ ಕಡೆಯಿಂದ ಬಂತು?"

ರೋಗ ಪತ್ತೆಯಾದ ವಾರದೊಳಗೆ ಮನೆಯಲ್ಲಿ ಈ ಪ್ರಶ್ನೆ ಏಳುತ್ತದೆ. ಬಾಯಿಬಿಟ್ಟು ಕೇಳದಿದ್ದರೂ ಜಗಲಿಯ ಮೇಲೆ ಸುಳಿದಾಡುತ್ತಿರುತ್ತದೆ. ನಮ್ಮಲ್ಲಿ ಹೆಚ್ಚಿನ ಸಲ ಬೆರಳು ತೋರುವುದು ಸೊಸೆಯ ಕಡೆಗೆ. ಬಸುರಿಯಲ್ಲಿ ಅದು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು, ಹರಕೆ ತೀರಿಸಲಿಲ್ಲ. ನಾನು ಯಾರ ನಂಬಿಕೆಯನ್ನೂ ಹೀಯಾಳಿಸುವವನಲ್ಲ. ಹರಕೆ ಹೊತ್ತು ಸಮಾಧಾನ ಸಿಗುವುದಾದರೆ ಹೊರಲಿ. ಆದರೆ ವೈದ್ಯನಾಗಿ ಕೆಲವು ವಿಷಯ ಖಚಿತವಾಗಿ ಹೇಳಬಹುದು.

ಮಕ್ಕಳ ರಕ್ತದ ಕ್ಯಾನ್ಸರ್ ತಾಯಿ ತಿಂದದ್ದರಿಂದ ಬರುವುದಿಲ್ಲ. ಒಂದನೇ ಬಗೆಯ ಸಕ್ಕರೆ ಕಾಯಿಲೆ ಮಗುವಿಗೆ ಸಿಹಿ ಕೊಟ್ಟಿದ್ದರಿಂದ ಬರುವುದಿಲ್ಲ. ಅದು ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹಾಳುಮಾಡುವುದರಿಂದ ಬರುತ್ತದೆ. ಥಲಸ್ಸೇಮಿಯಾದಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು ದೋಷವುಳ್ಳ ವಂಶವಾಹಿ ಸೇರಿದಾಗ ಮಾತ್ರ ಮಗುವಿಗೆ ರೋಗ. ಇಬ್ಬರೂ ಸಮಪಾಲು. ವಾಹಕರಾದ ದಂಪತಿಗೆ ಪ್ರತಿ ಬಸುರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಅದಕ್ಕಾಗಿಯೇ ಎರಡನೇ ಮಗುವಿನ ಯೋಚನೆ ಇರುವವರು ಮೊದಲೇ ವಂಶವಾಹಿ ತಜ್ಞರನ್ನು ಕಾಣಬೇಕು. ಬಸುರಿನ ಮೂರನೇ ತಿಂಗಳಲ್ಲೇ ಭ್ರೂಣದ ಪರೀಕ್ಷೆ ಮಾಡುವ ವ್ಯವಸ್ಥೆ ದೊಡ್ಡ ಆಸ್ಪತ್ರೆಗಳಲ್ಲಿದೆ. ಡುಷೆನ್ ಎಂಬ ಸ್ನಾಯು ರೋಗ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ, ತಾಯಿ ವಾಹಕಳಾಗಿರಬಹುದು ನಿಜ. ಆದರೆ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಅದು ಹೊಸದಾಗಿಯೇ ಉಂಟಾದ ಬದಲಾವಣೆ. ಮತ್ತು ವಾಹಕಳಾಗಿದ್ದರೂ ಅದು ಆಕೆ ಕೇಳಿ ಪಡೆದದ್ದಲ್ಲ.

ಇದನ್ನು ತಾಯಿಗೆ ಒಬ್ಬಳಿಗೇ ಹೇಳಿದರೆ ಪ್ರಯೋಜನ ಕಡಿಮೆ. ಮುಂದಿನ ಸಲ ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಬನ್ನಿ ಎನ್ನುತ್ತೇನೆ. ಹಿರಿಯರು ಎದುರಿಗೆ ಕೂತು ಕೇಳಿದ ಮೇಲೆ ಮನೆಯ ಗಾಳಿ ಬದಲಾದದ್ದನ್ನು ನಾನು ಹಲವು ಸಲ ಕಂಡಿದ್ದೇನೆ.

ತೋಟಕ್ಕೆ ಹೋಗುವ ತಂದೆ

ಇಲ್ಲಿಯವರೆಗೆ ತಾಯಿಯ ಬಗ್ಗೆಯೇ ಹೇಳಿದೆ. ತಂದೆ ದವಾಖಾನೆಗೆ ಬರುವುದು ಕಡಿಮೆ, ಬಂದರೂ ಹೊರಗೆ ಬೈಕಿನ ಹತ್ತಿರ ನಿಂತಿರುತ್ತಾನೆ. ಅವನಿಗೆ ಚಿಂತೆಯಿಲ್ಲ ಎಂದು ಹೆಂಡತಿಯೂ ತಿಳಿಯುತ್ತಾಳೆ. ಅವನು ಅಳುವುದಿಲ್ಲ, ತೋಟಕ್ಕೆ ಹೋಗುತ್ತಾನೆ. ಹೊತ್ತು ಮುಳುಗುವ ತನಕ ಮಾಡಬೇಕಾದ್ದು ಮಾಡಬೇಕಿಲ್ಲದ್ದು ಎಲ್ಲ ಮಾಡುತ್ತಾನೆ. ಸೊಸೈಟಿಯಲ್ಲಿ ಸಾಲ ಎಷ್ಟಾಯಿತು, ಈ ವರ್ಷದ ಅಡಿಕೆ ಅದನ್ನು ತೀರಿಸೀತೆ ಎಂಬ ಲೆಕ್ಕ ಅವನೊಬ್ಬನ ತಲೆಯಲ್ಲಿ. ಕೆಲವರು ಸಂಜೆ ಕುಡಿತಕ್ಕೆ ಬೀಳುತ್ತಾರೆ. ಒಮ್ಮೆ ಮಗಳ ಔಷಧಿ ಚೀಟಿ ಬರೆಸಲು ಬಂದ ಒಬ್ಬರ ರಕ್ತದೊತ್ತಡ ನೋಡಿದೆ. ಸುಮ್ಮನೆ, ಅವರು ಎದುರಿಗೆ ಕೂತಿದ್ದರೆಂದು. 180/110 ಇತ್ತು. ವಯಸ್ಸು 38.

ಗಂಡ ಹೆಂಡತಿ ದುಃಖಪಡುವ ರೀತಿ ಬೇರೆ ಬೇರೆ. ಒಬ್ಬರು ಮಾತಾಡಿ ಹಗುರಾಗುತ್ತಾರೆ, ಒಬ್ಬರು ಕೆಲಸ ಮಾಡಿ. ಇದು ತಿಳಿಯದೇ ಇದ್ದರೆ ಅವಳಿಗೆ ಅವನು ಕಲ್ಲುಮನಸ್ಸಿನವನಾಗಿ, ಅವನಿಗೆ ಅವಳು ಯಾವಾಗಲೂ ಅಳುವವಳಾಗಿ ಕಾಣುತ್ತಾರೆ. ದಿನಕ್ಕೆ ಹದಿನೈದು ನಿಮಿಷ, ಮಗು ಮಲಗಿದ ಮೇಲೆ, ಕಾಯಿಲೆಯ ಮಾತು ಬಿಟ್ಟು ಬೇರೇನಾದರೂ ಮಾತಾಡಿ ಎಂದರೆ ನಗುತ್ತಾರೆ. "ಎಂತದು ಮಾತಾಡದು ಡಾಕ್ಟ್ರೆ?" ಎಂದು ಕೇಳಿದವರಿದ್ದಾರೆ. ಮಾತೇ ಮರೆತುಹೋಗಿರುತ್ತದೆ. ಆಸ್ಪತ್ರೆಯ ಓಡಾಟದಲ್ಲಿ ಸರದಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಸಲ ತಂದೆಯೇ ಮಗುವನ್ನು ಕರೆದೊಯ್ದರೆ ಅವನಿಗೂ ಔಷಧಿಯ ಹೆಸರು ಬಾಯಿಗೆ ಬರುತ್ತದೆ, ತಾಯಿಗೆ ಒಂದು ದಿನ ಸಿಗುತ್ತದೆ.

ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದನ್ನು ಮರೆಯಬೇಡಿ. ತಮ್ಮ ಆಸ್ಪತ್ರೆಯಲ್ಲಿರುವಾಗ ತಾನೇ ಅನ್ನ ಬಡಿಸಿಕೊಂಡು ಉಂಡು ಶಾಲೆಗೆ ಹೋಗುವ ಅಕ್ಕ "ಜಾಣೆ" ಎನಿಸಿಕೊಳ್ಳುತ್ತಾಳೆ. ತಮ್ಮನಿಗೆ ಏನಾಗಿದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ತಾನು ಅವನ ಜತೆ ಜಗಳ ಮಾಡಿದ್ದರಿಂದ ಹೀಗಾಯಿತೇ ಎಂದು ಒಳಗೊಳಗೇ ಕೊರಗುವ ಮಕ್ಕಳಿದ್ದಾರೆ. ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ.

ಕೇಳಲು ಹೆದರುವ ಪ್ರಶ್ನೆ

ಈ ಭಾಗವನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯದೇ ಇರುವುದು ತಪ್ಪಾಗುತ್ತದೆ.

ವರ್ಷಗಟ್ಟಲೆ ಒಂಟಿಯಾಗಿ ಹೊರೆ ಹೊತ್ತ ತಾಯಿಗೋ ತಂದೆಗೋ ಖಿನ್ನತೆ ಬರಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಲಗಲು ಅವಕಾಶ ಸಿಕ್ಕರೂ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ತಾನು ಯಾವುದಕ್ಕೂ ಪ್ರಯೋಜನವಿಲ್ಲ ಎನಿಸುವುದು ಇದರ ಲಕ್ಷಣ. ಇದು ದುಃಖಕ್ಕಿಂತ ಬೇರೆಯಾದ, ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. ಇಂಥವರ ಬಾಯಲ್ಲಿ "ನನ್ನ ನಂತರ ಇದನ್ನು ಯಾರು ನೋಡುತ್ತಾರೆ? ನಾನು ಹೋಗುವಾಗ ಇದನ್ನೂ ಕರೆದುಕೊಂಡೇ ಹೋಗುತ್ತೇನೆ" ಎಂಬ ಮಾತು ಬಂದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬೇಡಿ. ಎದೆನೋವು ಬಂದವರನ್ನು ಎಷ್ಟು ಅವಸರದಲ್ಲಿ ಕರೆತರುತ್ತೀರೋ ಅಷ್ಟೇ ಅವಸರದಲ್ಲಿ ವೈದ್ಯರ ಬಳಿ ಕರೆತನ್ನಿ.

"ಜೀವ ಬೇಡ ಎನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದ್ದರಿಂದ ಹಗುರಾಗುವವರೇ ಹೆಚ್ಚು. ಅವರನ್ನು ಒಬ್ಬರೇ ಇರಲು ಬಿಡಬೇಡಿ. ತೋಟದ ಔಷಧಿ, ಮನೆಯಲ್ಲಿರುವ ಗುಳಿಗೆಗಳೆಲ್ಲ ಬೀಗದೊಳಗೆ ಇರಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಉಚಿತ ಸೇವೆ ಅದು. ಕನ್ನಡದಲ್ಲಿಯೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ದಾರಿ, ದುಡ್ಡು, ಕಾಗದಪತ್ರ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಈ ಕಷ್ಟಕ್ಕೆ ದೂರವೂ ಸೇರಿಕೊಳ್ಳುತ್ತದೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಮಣಿಪಾಲಕ್ಕೆ ಘಟ್ಟ ಇಳಿಯಬೇಕು. ಕ್ಯಾನ್ಸರ್ ಎಂದರೆ ಬೆಂಗಳೂರಿನ ಕಿದ್ವಾಯಿ, ಸುಮಾರು 400 ಕಿಲೋಮೀಟರ್. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಜೋರಾಗಿ ಎದ್ದಿತ್ತು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಹೆಚ್ಚು ಕಾಣುವ ಬಗೆಗೆ ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯುತ್ತದೆ. ಒಳ್ಳೆಯ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದ ಬಹುಪಾಲು ಮಕ್ಕಳು ಗುಣವಾಗುತ್ತಾರೆ, ಆದ್ದರಿಂದ ನಡುವೆ ಬಿಡಲೇಬಾರದು. ಆದರೆ ಅಷ್ಟು ಕಾಲ ತಾಯಿ ಬೆಂಗಳೂರಿನಲ್ಲಿ, ತಂದೆ ಕೊಟ್ಟಿಗೆಯ ದನ ಮತ್ತು ತೋಟದ ಜತೆ ಇಲ್ಲಿ. ಮನೆಯೇ ಎರಡು ಹೋಳು.

ಹಣದ ಬಗ್ಗೆ ನಾಚಿಕೆ ಬೇಡ, ಮೊದಲ ದಿನವೇ ಕೇಳಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೂ ನಿಗದಿತ ವೆಚ್ಚದ 30 ಶೇಕಡಾ ಸಿಗುತ್ತದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಹೊರಡುವ ಮೊದಲೇ ಅದನ್ನು ಮಾಡಿಸಿಕೊಳ್ಳದೆ ಹುಬ್ಬಳ್ಳಿಗೆ ಹೋಗಿ ವಾಪಸು ಬಂದವರು ಎಷ್ಟೋ ಮಂದಿ. ಕ್ಯಾನ್ಸರ್, ಥಲಸ್ಸೇಮಿಯಾ ಮೊದಲಾದ ರೋಗಿಗಳಿಗೂ ಜತೆಗೆ ಹೋಗುವ ಒಬ್ಬರಿಗೂ ಚಿಕಿತ್ಸೆಯ ಪ್ರಯಾಣಕ್ಕೆ ರೈಲಿನಲ್ಲಿ ರಿಯಾಯಿತಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ, ಹಿಮೊಫಿಲಿಯಾ, ಸ್ನಾಯುಕ್ಷಯಗಳೂ ಸೇರಿವೆ. ಗುರುತಿನ ಚೀಟಿ ಮಾಡಿಸಿಡಿ. ಎಲ್ಲ ಕಾಗದಗಳನ್ನೂ ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಬರೆದುಕೊಳ್ಳಿ. ಕೆಟ್ಟ ಸುದ್ದಿ ಹೇಳುವ ದಿನ ಇಬ್ಬರು ಹೋಗಿ, ಒಬ್ಬರಿಗೆ ಕೇಳಿಸದೇ ಇದ್ದದ್ದು ಇನ್ನೊಬ್ಬರಿಗೆ ಕೇಳಿಸುತ್ತದೆ.

"ನನ್ನ ನಂತರ ಯಾರು?" ಎಂಬ ಪ್ರಶ್ನೆಗೂ ಕಾನೂನಿನಲ್ಲಿ ಸ್ವಲ್ಪ ಉತ್ತರವಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ, 18 ವರ್ಷ ತುಂಬಿದ ಮೇಲೆ, ಜಿಲ್ಲಾಧಿಕಾರಿಗಳ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಇದೇ ನಾಲ್ಕು ಬಗೆಯವರಿಗೆ ನಿರಾಮಯ ಎಂಬ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ, ಇದೆ.

ಗೇರು ತೋಟಗಳ ಬದಿಯ ಮನೆಗಳು

ಈ ವಿಷಯದಲ್ಲಿ ನಾವು ಕಲಿಯಬೇಕಾದ ದೊಡ್ಡ ಪಾಠ ಕರಾವಳಿಯ ಎಂಡೋಸಲ್ಫಾನ್ ಊರುಗಳದು. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರು. ನಮ್ಮ ರಾಜ್ಯದ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲೂ 1980 ಮತ್ತು 90ರ ದಶಕಗಳಲ್ಲಿ ಅದನ್ನೇ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ನಮ್ಮಂತೆಯೇ ಹಳ್ಳಿಯ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನಕುಮಾರ್ ತಮ್ಮ ಸುತ್ತಲಿನ ಕೆಲವೇ ಮನೆಗಳಲ್ಲಿ ಇಷ್ಟೊಂದು ಮಕ್ಕಳಿಗೆ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಏಕೆ ಎಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಹಿಡಿಯಿತು. ದಕ್ಷಿಣ ಕನ್ನಡ, ಉಡುಪಿಯ ಜತೆಗೆ ನಮ್ಮ ಉತ್ತರ ಕನ್ನಡದಲ್ಲಿಯೂ ಸರ್ಕಾರ ಪೀಡಿತರನ್ನು ಗುರುತಿಸಿ ಮಾಸಾಶನ ಕೊಡುತ್ತಿದೆ.

ಮಾಸಾಶನ ಬೇಕು, ನಿಜ. ಆದರೆ ಅಲ್ಲಿಯ ತಾಯಂದಿರು ಕೇಳಿದ ಇನ್ನೊಂದು ವಸ್ತು ಸಮಯ. ಹಾಸಿಗೆ ಬಿಟ್ಟು ಏಳಲಾರದ ಮಗನನ್ನು ಒಬ್ಬನನ್ನೇ ಬಿಟ್ಟು ಅಂಗಡಿಗೂ ಹೋಗುವಂತಿಲ್ಲ, ಕೂಲಿಗೂ ಹೋಗುವಂತಿಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲಗಳಲ್ಲಿ ಪೀಡಿತ ಮಕ್ಕಳಿಗೆ ಹಗಲು ಪಾಲನಾ ಕೇಂದ್ರ ತೆರೆದದ್ದು, ಕಾಸರಗೋಡಿನ ಪಂಚಾಯಿತಿಗಳಲ್ಲಿ ಬಡ್ಸ್ ಶಾಲೆಗಳು ಬಂದದ್ದು ಈ ಕಾರಣಕ್ಕೆ ಮಹತ್ವದ್ದು. ಬೆಳಿಗ್ಗೆ ಹೋದ ಮಗು ಸಂಜೆ ಬರುತ್ತದೆ. ಮಗುವಿಗೆ ವ್ಯಾಯಾಮ, ಕಲಿಕೆ ಸಿಗುತ್ತದೆ. ತಾಯಿಗೆ ಐದಾರು ಗಂಟೆ ಸಿಗುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1982ರಲ್ಲಿ ಹೆಲೆನ್ ಹೌಸ್ ಎಂಬ ಮನೆ ಆರಂಭವಾದದ್ದೂ ಇದೇ ಯೋಚನೆಯಿಂದ. ಗಂಭೀರ ಕಾಯಿಲೆಯ ಮಗುವನ್ನು ಕೆಲವು ದಿನ ಅಲ್ಲಿ ನೋಡಿಕೊಂಡು ತಂದೆ ತಾಯಿಗೆ ವಿಶ್ರಾಂತಿ ಕೊಡುವುದು. ನಮ್ಮ ತಾಲೂಕುಗಳಿಗೆ ಇಂಥ ಕೇಂದ್ರಗಳು ಇನ್ನೂ ಹೆಚ್ಚು ಬೇಕು. ಪಂಚಾಯಿತಿಯವರು, ಸಹಕಾರಿ ಸಂಘದವರು ಇದನ್ನು ಓದುತ್ತಿದ್ದರೆ ಯೋಚಿಸಲಿ.

ಗಂಟೆಗಳ ಮುಯ್ಯಾಳು

ಕೇಂದ್ರ ಬರುವ ತನಕ ಕಾಯಬೇಕಾಗಿಲ್ಲ. ನೆಟ್ಟಿಗೆ, ಕೊಯ್ಲಿಗೆ ನಮ್ಮೂರುಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಆ ಹುಲಗೋಳದ ತಾಯಿಗೆ ಗಡ್ಡೆಯ ಶಸ್ತ್ರಚಿಕಿತ್ಸೆ ಆಗಬೇಕು ಎಂದಾಗ ಅವರು ಒಪ್ಪಲಿಲ್ಲ. ಹದಿನೈದು ದಿನ ಮಾಣಿಯನ್ನು ಯಾರು ನೋಡುತ್ತಾರೆ ಎಂಬುದೊಂದೇ ಮಾತು. ಒಂದು ಸಂಜೆ ಅವರ ಮನೆಗೆ ಹೋದೆ. ಅಕ್ಕಪಕ್ಕದ ಮೂರು ಮನೆಯವರು ಜಗಲಿಗೆ ಬಂದಿದ್ದರು. ಎಲ್ಲರೂ ಎರಡು ವರ್ಷದಿಂದ "ಏನಾದರೂ ಬೇಕಿದ್ದರೆ ಹೇಳಿ" ಎನ್ನುತ್ತಿದ್ದವರೇ. ಕಷ್ಟದಲ್ಲಿರುವವರು ತಾವಾಗಿ ಹೇಳುವುದಿಲ್ಲ. ನಾನು ಒಂದು ಹಾಳೆ ತೆಗೆದು ವಾರಗಳ ಹೆಸರು ಬರೆದೆ. ಸೋಮವಾರ ಮಧ್ಯಾಹ್ನ ಯಾರು? ಬುಧವಾರ ರಾತ್ರಿ ಮಲಗಲು ಯಾರು? ದನ ಕರೆಯುವುದು ಯಾರು? ಹುಬ್ಬಳ್ಳಿಗೆ ಜತೆಗೆ ಯಾರು? ಅರ್ಧ ಗಂಟೆಯೊಳಗೆ ಹಾಳೆ ತುಂಬಿತು. ಪಕ್ಕದ ಮನೆಯ ಅಜ್ಜಿ ಮಾತ್ರ ತಾನು ಮಾಣಿಗೆ ಔಷಧಿ ಕೊಡಲಾರೆ, ಕಣ್ಣು ಕಾಣುವುದಿಲ್ಲ, ತಂಬುಳಿ ಅನ್ನ ಮಾಡಿ ಕಳಿಸುತ್ತೇನೆ ಎಂದರು. ಹಬ್ಬದಡುಗೆಗಿಂತ ಅದು ಹೆಚ್ಚಿನ ಸಹಾಯವಾಯಿತು.

ಓದುಗರಲ್ಲಿ ಯಾರ ನೆರೆಯಲ್ಲಾದರೂ ಇಂಥ ಮಗು ಇದ್ದರೆ ಸಲಹೆ ಹೇಳಲು ಹೋಗಬೇಡಿ. ಎಲ್ಲೋ ಗುಣವಾದ ಯಾರದೋ ಕತೆ, ಹೊಸ ಪಂಡಿತರ ವಿಳಾಸ, ಇವೆಲ್ಲ ಅವರಿಗೆ ಸಾಕಷ್ಟು ಸಿಕ್ಕಿರುತ್ತವೆ. "ಮಂಗಳವಾರ ಮೂರರಿಂದ ಐದು ನಾನು ಕೂತಿರುತ್ತೇನೆ, ನೀವು ಮಲಗಿ" ಎಂದು ದಿನ, ಗಂಟೆ ಹೆಸರಿಸಿ ಹೇಳಿ. ತಂದೆ ತಾಯಂದಿರಿಗೆ ನನ್ನದೊಂದು ವಿನಂತಿ: ಯಾರಾದರೂ ಹೀಗೆ ಬಂದಾಗ ಬೇಡ ಎನ್ನಬೇಡಿ. ಮತ್ತು ವರ್ಷಕ್ಕೆ ಎರಡು ಸಲವಾದರೂ ಮಗುವಿನ ಜತೆ ನಿಮ್ಮ ರಕ್ತದೊತ್ತಡ, ಹಿಮೊಗ್ಲೋಬಿನ್ ನೋಡಿಸಿ. ವರ್ಷಕ್ಕೊಮ್ಮೆ ಸಕ್ಕರೆಯನ್ನೂ. ವೈದ್ಯರು ಕೇಳದಿದ್ದರೆ ನೀವೇ ನೆನಪಿಸಿ. ನಾವೂ ಮರೆಯುವವರೇ.

ನನ್ನ ದವಾಖಾನೆಯಲ್ಲಿ ಈಗ ಇಂಥ ಮಕ್ಕಳ ಕೇಸ್‌ಪೇಪರಿನ ಕೆಳಗೆ ಇನ್ನೊಂದು ಗೆರೆ ಎಳೆದಿದ್ದೇನೆ. ಅದರಲ್ಲಿ ಜತೆಗೆ ಬಂದವರ ಹೆಸರು, ಒತ್ತಡ, ತೂಕ. ಆ ತಾಯಿಗೆ ಶಸ್ತ್ರಚಿಕಿತ್ಸೆ ಆಯಿತು. ಕಳೆದ ತಿಂಗಳು ಬಂದಾಗ ಮಾಣಿಯ ಹಿಮೊಗ್ಲೋಬಿನ್ 9.6 ಎಂದು ಓದಿ ಹೇಳಿದೆ. ಈಗ ಅವನು ಹೈಸ್ಕೂಲು. ಚೀಟಿ ಕೈಗೆ ತೆಗೆದುಕೊಳ್ಳದೆ ನಿಂತೇ ಇದ್ದ. "ಆಯಿದು ಎಷ್ಟು?" ಎಂದು ಕೇಳಿದ. 11.2 ಇತ್ತು.